ದೊರೆಯ ಹೂಸು

ನನ್ನ ತಂಗಿಯ ಗಂಡನನ್ನು ನಮ್ಮ ಮನೆಯಲ್ಲಿ ದೊರೆ ಎಂದು ಕರೆಯುತ್ತೇವೆ. ಎದುರಿಗಲ್ಲ, ಬೆನ್ನ ಹಿಂದೆ. ಅವನಿಗೆ ರಾಜ್ಯವೇನೂ ಇಲ್ಲ. ಒಂದು ದೊಡ್ಡ ಹೋಟೆಲಿನ ಊಟದ ಹಾಲ್‌ಗೆ ಮುಖ್ಯಸ್ಥ, ಅಷ್ಟೆ. ಬಿಳಿ ಬಟ್ಟೆ ಹಾಸಿದ ಮೇಜುಗಳ ನಡುವೆ ಕೈ ಹಿಂದೆ ಕಟ್ಟಿಕೊಂಡು ತಿರುಗುವುದು, ಚಮಚ ಓರೆಯಾಗಿದ್ದರೆ ಕಣ್ಣಲ್ಲೇ ಗದರುವುದು, ಬಡಿಸುವವನು ಸೀನಿದರೆ ಅವನನ್ನು ಇಡೀ ದಿನ ಪಾತ್ರೆ ತೊಳೆಯಲು ಅಟ್ಟುವುದು, ಇದು ಅವನ ಕೆಲಸ. ಇದನ್ನೆಲ್ಲ ಹೋಟೆಲಿನಲ್ಲೇ ಬಿಟ್ಟು ಬಂದಿದ್ದರೆ ನನಗೂ ಅವನಿಗೂ ಜಗಳವೇ ಇರುತ್ತಿರಲಿಲ್ಲ. ಅವನು ಮನೆಗೂ ಹೊತ್ತುಕೊಂಡು ಬಂದ.

ನಾವು ಬೆಳೆದ ಮನೆ ಹಾಗಿರಲಿಲ್ಲ. ನಮ್ಮಪ್ಪ ಊಟ ಮುಗಿಸಿ ತೇಗಿದರೆ ಪಕ್ಕದ ಮನೆಯವರು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಅಮ್ಮನ ಗೊರಕೆ ಕೇಳದಿದ್ದರೆ ನಮಗೆ ನಿದ್ದೆ ಹತ್ತುತ್ತಿರಲಿಲ್ಲ. ಒಂದೇ ಮಂಚದಲ್ಲಿ ಮಲಗುತ್ತಿದ್ದ ನಾವು ಅಕ್ಕತಂಗಿ ಇಬ್ಬರೂ ಹೊದಿಕೆಯೊಳಗೆ ಹೂಸು ಬಿಟ್ಟು ಒಬ್ಬರ ಮೇಲೊಬ್ಬರು ಹಾಕಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆವು. ಆ ವಿದ್ಯೆಯಲ್ಲಿ ತಂಗಿಯೇ ನನಗಿಂತ ಮುಂದು.

ಅಂಥವಳು ಮದುವೆಯಾಗಿ ವರ್ಷ ತುಂಬುವುದರೊಳಗೆ ಮೂಗು ಹಿಡಿದು, ಬಾಯಿ ಬಿಗಿದು, ಕಿವಿ ಮುಚ್ಚಿಹೋಗುವ ಹಾಗೆ ಸೀನುವುದನ್ನು ಕಲಿತಳು. ನೀರು ಕುಡಿದರೆ ಗುಟುಕಿನ ಸದ್ದು ಬರಬಾರದು. ಬಚ್ಚಲಿಗೆ ಹೋದರೆ ಮೊದಲು ನಲ್ಲಿ ತಿರುಗಿಸಬೇಕು, ಆಮೇಲೆ ಮಿಕ್ಕಿದ್ದು. ಬಿಕ್ಕಳಿಕೆ ಬಂದರೆ ಎದ್ದು ಬಾಲ್ಕನಿಗೆ ಹೋಗಿ, ಅದು ನಿಂತ ಮೇಲೆಯೇ ಒಳಗೆ ಬರಬೇಕು. ಒಮ್ಮೆ ನಾನು ಹೋದಾಗ ಚಳಿಯಲ್ಲಿ ಹಾಗೆ ನಿಂತಿದ್ದಳು. ಒಳಗೆ ಅವನು ಪತ್ರಿಕೆ ಓದುತ್ತಿದ್ದ. "ಏನೇ ಇದು ಅವತಾರ?" ಎಂದೆ. ಬಾಯಿಗೆ ಸೆರಗಿನಂತೆ ಕೈ ಅಡ್ಡ ಹಿಡಿದು, ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದಳು.

ಹೋಗಲಿ, ತಾನಾದರೂ ಹಾಗಿದ್ದನೋ? ದೊರೆಯ ಹೊಟ್ಟೆ ಅಂದರೆ ಗಾಳಿ ತುಂಬಿದ ಟ್ಯೂಬು. ಹಗಲೆಲ್ಲ ಹೋಟೆಲಿನಲ್ಲಿ ಬಿಗಿಹಿಡಿದು ನಿಂತಿರುತ್ತಾನಲ್ಲ, ಎಲ್ಲಾದರೂ ಹೊರಗೆ ಬರಲೇಬೇಕು. ಬರುತ್ತಿತ್ತು. ಆ ಮನೆಯ ವಿಚಿತ್ರವಾದ ರಿವಾಜು ಇರುವುದು ಇಲ್ಲೇ. ದೊರೆ ಬಿಟ್ಟರೆ ಕ್ಷಮೆ ಕೇಳಬೇಕಾದವಳು ನನ್ನ ತಂಗಿ.

ಅದು ಪ್ರೀತಿಯಿಂದಲೇ ಶುರುವಾದದ್ದು. ಹೊಸದಾಗಿ ಸಂಸಾರ ಹೂಡಿದಾಗ ಅವನ ಮೇಲಧಿಕಾರಿ ಗಂಡ ಹೆಂಡತಿ ಚಹಾಕ್ಕೆ ಬಂದಿದ್ದರಂತೆ. ಬಿಸ್ಕತ್ತಿನ ತಟ್ಟೆ ಚಾಚಲು ಬಗ್ಗಿದವನು ಜೋರಾಗಿಯೇ ಒಂದು ಬಿಟ್ಟ. ಅವನ ಮುಖ ಸುಣ್ಣವಾಯಿತು. ಅದನ್ನು ನೋಡಲಾರದೆ ಮದುಮಗಳು ತಲೆ ತಗ್ಗಿಸಿ, "ಕ್ಷಮಿಸಿ, ನನ್ನದು" ಎಂದುಬಿಟ್ಟಳು. ಬಂದವರು ಹೋದ ಮೇಲೆ ಅವನು ಅಡುಗೆಮನೆಗೆ ಬಂದು, ಅವಳ ಎರಡೂ ಕೈ ಹಿಡಿದು, ಕಣ್ಣಿಗೆ ಒತ್ತಿಕೊಂಡನಂತೆ. ಇದನ್ನು ನನಗೆ ಹೇಳುವಾಗ ಅವಳ ಮುಖ ಅರಳಿತ್ತು. ಎರಡನೆಯ ಸಲ ಕೈ ಹಿಡಿದು ಥ್ಯಾಂಕ್ಸ್ ಎಂದ. ಮೂರನೆಯ ಸಲ ಹುಬ್ಬು ಹಾರಿಸಿದ. ಆಮೇಲೆ ಅದೂ ನಿಂತು, ಮನೆಯ ಕಸ ಗುಡಿಸಿದಷ್ಟೇ ಸಹಜವಾದ ಅವಳ ಕೆಲಸವಾಯಿತು. ಅವಳ ಕ್ಷಮೆ ಎಷ್ಟು ಪಳಗಿತ್ತು ಅಂದರೆ ಸದ್ದು ಮುಗಿಯುವುದಕ್ಕೂ ಮಾತು ಬರುವುದಕ್ಕೂ ನಡುವೆ ಉಸಿರಾಡಲು ಜಾಗವಿರುತ್ತಿರಲಿಲ್ಲ.

ನಾನು ಕಣ್ಣಾರೆ ಕಂಡದ್ದು ನನ್ನ ಮಗಳ ಮದುವೆಯ ಮಾತುಕತೆಯ ದಿನ. ಬೀಗರು ಬಂದು ಕೂತಿದ್ದರು. ದೊರೆ ನನ್ನ ಪಕ್ಕದಲ್ಲೇ, ಒಂದೇ ಸೋಫಾದಲ್ಲಿ ಕೂತಿದ್ದ. ಸದ್ದು ಎಲ್ಲಿಂದ ಬಂತೆಂದು ಯಾರೂ ನನಗೆ ಹೇಳಬೇಕಾಗಿರಲಿಲ್ಲ, ಸೋಫಾವೇ ಹೇಳಿತು. ಆದರೆ ಎದುರಿನ ಕುರ್ಚಿಯಿಂದ ತಂಗಿ, "ಕ್ಷಮಿಸಿ, ನನಗೆ ಹೊಟ್ಟೆ ಸರಿಯಿಲ್ಲ" ಎಂದಳು. ಬೀಗಿತ್ತಿ ತನ್ನ ಕುರ್ಚಿಯನ್ನು ಮೆಲ್ಲಗೆ ಆಚೆಗೆ ಸರಿಸಿಕೊಂಡಳು. ದೊರೆ ಹೆಂಡತಿಯ ಕಡೆ ತಿರುಗಿ ಬೇಸರದಿಂದ ತಲೆ ಆಡಿಸಿದ. ಆ ತಲೆ ಆಡಿಸಿದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

ಅಡುಗೆಮನೆಯಲ್ಲಿ ಅವಳನ್ನು ಹಿಡಿದು ನಿಲ್ಲಿಸಿದೆ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ ಹಾಗಾಯ್ತಲ್ಲೇ. ನಾಚಿಕೆ ಆಗಲ್ವಾ ನಿಂಗೆ?"

"ಮನೇಲಿ ಒಬ್ಬರಿಗಾದ್ರೂ ಮರ್ಯಾದೆ ಇರ್ಲಿ ಬಿಡಕ್ಕಾ."

"ಅವನೇ ಒಂದ್ಸಲ ಹೇಳಿದ್ರೆ ಏನು ಗಂಟು ಹೋಗತ್ತೆ?"

"ಅವರಿಗೆ ಬರಲ್ಲ" ಎಂದಳು, ಮಗುವಿನ ಪರ ವಹಿಸುವ ತಾಯಿಯ ಹಾಗೆ. "ಕೆಲವರಿಗೆ ಈಜು ಬರಲ್ಲ ನೋಡು, ಹಾಗೆ. ಬಾಯಿವರೆಗೂ ಬರತ್ತೆ, ಆಚೆ ಬರಲ್ಲ. ಪಾಪ, ಒಳಗೇ ಒದ್ದಾಡ್ತಾರೆ."

ಮನೆಗೆ ಹೋಗುವ ದಾರಿಯಲ್ಲಿ ಆ ಪಾಪದವನು ಅವಳಿಗೆ ಹೇಳಿದ್ದು ಏನು ಗೊತ್ತೇ? "ನೀನು ಇವತ್ತು ಸ್ವಲ್ಪ ತಡ ಮಾಡ್ದೆ. ಅಷ್ಟರಲ್ಲಿ ಅವರು ನನ್ನ ಕಡೆ ನೋಡಿಬಿಟ್ರು."

ತಂಗಿಗೆ ಹೊಟ್ಟೆನೋವು ಶುರುವಾದದ್ದು ಯಾವಾಗಲೋ ನಮಗೆ ಗೊತ್ತಿಲ್ಲ, ಏಕೆಂದರೆ ನರಳುವುದೂ ಒಂದು ಸದ್ದೇ ಅಲ್ಲವೇ? ಅವಳು ನರಳಲಿಲ್ಲ. ಅಂಗಡಿ ಬೀದಿಯಲ್ಲಿ ಕುಸಿದು ಬಿದ್ದ ಮೇಲೆ ಆಸ್ಪತ್ರೆಗೆ ಸೇರಿಸಿದೆವು. ಕರುಳು ಒಂದು ಕಡೆ ಹೆಣೆದುಕೊಂಡಿತ್ತು. ಹೊಟ್ಟೆ ಕೊಯ್ದು ಬಿಡಿಸಿದರು. ಎಲ್ಲ ಸರಿಹೋಗಿದೆ, ಇನ್ನು ಗಾಳಿ ಹೋಗುವುದೊಂದು ಬಾಕಿ ಎಂದರು ಡಾಕ್ಟರು. ಕೊಯ್ದ ಕರುಳು ಜೋಮು ಹಿಡಿದು ಮಲಗಿರುತ್ತದಂತೆ. ಅದು ಎದ್ದು ಕೆಲಸ ಶುರುಮಾಡಿದೆ ಎನ್ನುವುದಕ್ಕೆ ಗಾಳಿಯೇ ಗುರುತು. ಅದು ಹೋಗುವ ತನಕ ಹನಿ ನೀರೂ ಬಾಯಿಗೆ ಹಾಕುವಂತಿಲ್ಲ. ಮೂಗಿನಿಂದ ಹೊಟ್ಟೆಗೆ ಕೊಳವೆ ಇಳಿಬಿಟ್ಟು ಒಳಗಿನ ನೀರನ್ನೆಲ್ಲ ಹೊರಗೆ ಎಳೆಯುತ್ತಿದ್ದರು.

ಆ ವಾರ್ಡಿನ ಲೋಕವೇ ಬೇರೆ. ಎಲ್ಲರೂ ಹೊಟ್ಟೆ ಕೊಯ್ಸಿಕೊಂಡವರು. ದಪ್ಪ ಕನ್ನಡಕದ ನರ್ಸಮ್ಮ ಬಂದಾಗಲೆಲ್ಲ ಊಟ ಆಯ್ತಾ ಎಂದು ಕೇಳುವಷ್ಟು ಸಲೀಸಾಗಿ, ಇಡೀ ವಾರ್ಡಿಗೆ ಕೇಳುವ ಹಾಗೆ, "ಗಾಳಿ ಹೋಯ್ತಾ?" ಎಂದು ಕೇಳುತ್ತಿದ್ದಳು. ಪಕ್ಕದ ಮಂಚದ ಅಜ್ಜಿಗೆ ಹೋದಾಗ ಅಜ್ಜಿಯ ಮೊಮ್ಮಗಳು ಚಪ್ಪಾಳೆ ತಟ್ಟಿದಳು. ಆಚೆ ಮಂಚದವಳು, "ನಿಮ್ಮ ಪುಣ್ಯ, ನನಗೆ ಇನ್ನೂ ಒಂದು ಪಿಸುಮಾತೂ ಇಲ್ಲ" ಎಂದು ಹೊಟ್ಟೆಕಿಚ್ಚು ಪಟ್ಟಳು. ನಾನಂತೂ ನಕ್ಕೂ ನಕ್ಕೂ ಸುಸ್ತಾದೆ. ತಂಗಿಯೂ ಹೊಲಿಗೆ ಹಿಡಿದುಕೊಂಡು ನಕ್ಕಳು. ದೊರೆ ಬಂದ ಕೂಡಲೇ ಅವಳ ನಗು ಹೊದಿಕೆಯೊಳಗೆ ಸೇರಿತು. ಅವನು ನರ್ಸಮ್ಮನಿಗೆ, ಸ್ವಲ್ಪ ಮೆತ್ತಗೆ ಕೇಳಿ ಎಂದ. ಅವಳು ಕನ್ನಡಕದ ಮೇಲಿಂದ ಅವನನ್ನು ನೋಡಿ, "ಇಲ್ಲಿ ಅದೇ ಚಿನ್ನ, ಸ್ವಾಮೀ" ಎಂದಳು.

ಮುಂದಿನದ್ದು ನಾನಿಲ್ಲದಾಗ ನಡೆದದ್ದು. ನನ್ನದು ಹೊಲಿಗೆ ಅಂಗಡಿ, ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ಪು ಬದಲಾಯಿಸುವುದು, ಇಂಥ ಕೆಲಸ. ಗಿರಾಕಿಗಳು ಬಾಗಿಲಲ್ಲಿ ಕಾಯುತ್ತಿದ್ದರು ಎಂದು ಹೋಗಿದ್ದೆ. ಮಧ್ಯಾಹ್ನ ದೊರೆ ಹೋಟೆಲಿನಲ್ಲಿ ಊಟ ಮುಗಿಸಿ ಬಂದು ಮಂಚದ ಪಕ್ಕ ಸ್ಟೂಲಿನಲ್ಲಿ ಕೂತಿದ್ದ. ದೊಡ್ಡ ಡಾಕ್ಟರು ನಾಲ್ಕಾರು ಜನ ಕಿರಿಯರನ್ನು ಕಟ್ಟಿಕೊಂಡು ಮಂಚದ ಬಳಿಗೆ ಬಂದರು. ಅವನು ಮರ್ಯಾದೆಗೆಂದು ಎದ್ದು ನಿಂತ. ಏಳುವಾಗ ಆಯಿತು.

ಎಲ್ಲರೂ ತಿರುಗಿ ನೋಡಿದರು. ಮೂಗಿನಲ್ಲಿ ಕೊಳವೆ, ಒಣಗಿ ಬಿರಿದ ತುಟಿ. ಆ ಸ್ಥಿತಿಯಲ್ಲೂ ನನ್ನ ತಂಗಿ ಅಭ್ಯಾಸ ಬಿಡಲಿಲ್ಲ. "ಕ್ಷಮಿಸಿ" ಎಂದಳು. "ನನ್ನದು."

ನರ್ಸಮ್ಮನಿಗೆ ಸ್ವರ್ಗ ಮೂರೇ ಗೇಣು. "ಅಂತೂ ಹೋಯ್ತು ನೋಡಿ ಡಾಕ್ಟ್ರೇ." ದೊಡ್ಡ ಡಾಕ್ಟರು ತಂಗಿಯ ಪಾದ ತಟ್ಟಿ, "ಇದಕ್ಕೆ ಯಾರಾದ್ರೂ ಕ್ಷಮೆ ಕೇಳ್ತಾರೇನಮ್ಮಾ" ಎಂದರು. ಕಿರಿಯರು ನಕ್ಕರು. ಅಜ್ಜಿಯ ಮೊಮ್ಮಗಳು ಚಪ್ಪಾಳೆ ತಟ್ಟಿದಳು. ಕೊಳವೆ ತೆಗೆದರು. ಹಣ್ಣಿನ ರಸ ಕೊಡಿ ಎಂದರು. ಅವಳಿಗೆ ಬೇಡವೆನ್ನಲು ಬಾಯಿ ಬರಲಿಲ್ಲ, ಬಾಯಾರಿಕೆ ಬೇರೆ. ರಸದ ಲೋಟವನ್ನು ಅವಳ ತುಟಿಗೆ ಹಿಡಿದವನು ದೊರೆಯೇ. ಕೆಳಗೆ ಕರವಸ್ತ್ರವನ್ನು ಹೋಟೆಲಿನಲ್ಲಿ ಮಡಿಸುವ ಹಾಗೆ ತ್ರಿಕೋನವಾಗಿ ಮಡಿಸಿ ಹಿಡಿದಿದ್ದನಂತೆ. ಆ ಕರುಳು ಇನ್ನೂ ಎದ್ದಿಲ್ಲವೆಂದು ಇಡೀ ಲೋಕದಲ್ಲಿ ಇಬ್ಬರಿಗೇ ಗೊತ್ತಿತ್ತು. ಒಬ್ಬರು ಕುಡಿಯುತ್ತಿದ್ದರು, ಒಬ್ಬರು ಕುಡಿಸುತ್ತಿದ್ದರು.

ಬೆಳಿಗ್ಗೆ ನಾನು ಹೋದಾಗ ಅವಳ ಹೊಟ್ಟೆ ತುಂಬು ಬಸುರಿಯ ಹೊಟ್ಟೆಯಂತಾಗಿತ್ತು. ಹಸಿರು ಹಸಿರು ವಾಂತಿ ಮಾಡಿಕೊಂಡಿದ್ದಳು. ಕಿರಿಯ ಡಾಕ್ಟರೊಬ್ಬ ನನ್ನನ್ನೂ ದೊರೆಯನ್ನೂ ಪಕ್ಕಕ್ಕೆ ಕರೆದು ಹೇಳಿದ, "ಗಾಳಿ ಹೋಗಿದೆ ಅಂದ್ರೆ ಕರುಳು ದಾರಿ ಬಿಟ್ಟಿದೆ ಅಂತ. ಹಾಗಿದ್ರೆ ಇದು ತಾನಾಗೇ ಇಳಿಯತ್ತೆ, ಸಂಜೆವರೆಗೆ ನೋಡ್ತೀವಿ. ಇನ್ನೊಂದ್ಸಲ ಕೊಯ್ಯೋದು ಅಂದ್ರೆ ಅವರ ಜೀವಕ್ಕೆ ಸುಲಭ ಅಲ್ಲ. ಆದ್ರೆ ಹೋಗೇ ಇಲ್ಲ ಅಂದ್ರೆ ಮತ್ತೆ ಕಟ್ಟಿಕೊಂಡಿದೆ ಅಂತ ಅರ್ಥ. ಆಗ ಕಾಯೋ ಹಾಗಿಲ್ಲ, ಕಾದ್ರೆ ಕರುಳು ಸಾಯತ್ತೆ. ನೀವು ಪಕ್ಕದಲ್ಲೇ ಇದ್ರಲ್ಲ ಸಾರ್, ಖಂಡಿತ ಹೋಯ್ತು ತಾನೇ?"

"ಖಂಡಿತ" ಎಂದ ದೊರೆ. "ಎಲ್ಲರೂ ಕೇಳಿದಾರೆ."

ನನಗೆ ಬೀಗರ ಮುಂದಿನ ಸೋಫಾ ನೆನಪಾಯಿತು. ಓಡಿಹೋಗಿ ತಂಗಿಯ ಕಿವಿಯ ಬಳಿ ಬಗ್ಗಿದೆ. "ನಿಜ ಹೇಳೇ. ನಿಂದಾ ಅದು?"

"ಅವರದು" ಎಂದಳು.

ನಾನು ಡಾಕ್ಟರನ್ನು ತೋಳು ಹಿಡಿದೇ ಎಳೆದು ತಂದೆ. "ಅವಳದಲ್ಲ ಸ್ವಾಮಿ, ಇವರದು. ಇವರು ಹೂಸಿದ್ದಕ್ಕೆ ಅವಳು ಕ್ಷಮೆ ಕೇಳೋದು ಇವರ ಮನೆ ಪದ್ಧತಿ. ಬೇಗ ಏನಾದ್ರೂ ಮಾಡಿ." ಡಾಕ್ಟರಿಗೆ ನಾನು ಯಾವ ಭಾಷೆ ಆಡುತ್ತಿದ್ದೇನೆಂದೇ ಅರ್ಥವಾಗಲಿಲ್ಲ. ಅಂಥ ಪದ್ಧತಿಯನ್ನು ಯಾವ ಪುಸ್ತಕದಲ್ಲಿ ಓದಿರುತ್ತಾನೆ ಆತ? ಆಚೆ ಮಂಚದವಳು ಕಿಸಕ್ಕನೆ ನಕ್ಕಳು. ದೊರೆ ಮಾತ್ರ ಬಹಳ ವಿನಯದಿಂದ, ಮೇಜಿಗೆ ತಪ್ಪು ತಟ್ಟೆ ಬಂದಾಗ ಗಿರಾಕಿಯನ್ನು ಸಮಾಧಾನ ಮಾಡುವವನ ದನಿಯಲ್ಲಿ, "ಇವರು ಆಗ ಇಲ್ಲಿರಲಿಲ್ಲ ಡಾಕ್ಟ್ರೇ. ಮೊದಲಿಂದ್ಲೂ ನನ್ನ ಮೇಲೆ ಸ್ವಲ್ಪ ಸಿಟ್ಟು. ತಂಗಿ ಮೇಲೆ ಪ್ರಾಣ, ಗಾಬರಿ ಆಗಿದಾರೆ" ಎಂದ.

ಆ ಡಾಕ್ಟರ್ ನೇರ ತಂಗಿಯನ್ನೇ ಕೇಳಿದ. "ಅಮ್ಮಾ, ನೀವೇ ಹೇಳಿ. ನಿಮ್ಮದಾ, ಅಲ್ವಾ?"

ಅವಳು ದೊರೆಯ ಕಡೆ ನೋಡಿದಳು. ಹೆದರಿ ನೋಡಿದ್ದಲ್ಲ ಅದು. ಕಾಯುತ್ತಿದ್ದಳು. ಅವನಿಗೆ ಜಾಗ ಬಿಟ್ಟುಕೊಡುತ್ತಿದ್ದಳು. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಒಂದು ಮಾತು, ನನ್ನದು ಎನ್ನುವ ಒಂದೇ ಮಾತು. ಅವನ ಗಂಟಲು ಒಮ್ಮೆ ಮೇಲೆ ಕೆಳಗೆ ಆಡಿತು. ಆಮೇಲೆ ಅವನು ಕಿಟಕಿಯ ಕಡೆ ತಿರುಗಿ, ಪರದೆಯ ಮಡಿಕೆ ಓರೆಯಾಗಿದ್ದುದನ್ನು ಸರಿಮಾಡಿದ.

"ನನ್ನದೇ" ಎಂದಳು ನನ್ನ ತಂಗಿ.

ನಾನು ಕೂಗಾಡಿದೆ. ಕೂಗಾಡಿದ್ದಕ್ಕೆ ನನ್ನನ್ನು ಹೊರಗೆ ಕಳಿಸಿದರು. ಸಂಜೆವರೆಗೆ ಕಾದರು. ಸಂಜೆ ಅವಳಿಗೆ ಮೈಮೇಲೆ ಎಚ್ಚರವಿರಲಿಲ್ಲ. ಮತ್ತೆ ಕೊಯ್ದಾಗ ಕರುಳಿನ ಒಂದು ಭಾಗ ಕಪ್ಪಗಾಗಿ ಸತ್ತುಹೋಗಿತ್ತು. ಅದನ್ನು ಕತ್ತರಿಸಿ ಬಿಸಾಕಿ, ಉಳಿದ ತುದಿಯನ್ನು ಹೊಟ್ಟೆಯ ಎಡಕ್ಕೆ ತೂತು ಮಾಡಿ ಹೊರಗೆ ತಂದು ಅಲ್ಲೊಂದು ಚೀಲ ಅಂಟಿಸಿದರು. ಬದುಕಿದಳು. ಇನ್ನು ಮೇಲೆ ಮಲವೂ ಗಾಳಿಯೂ ಆ ಚೀಲಕ್ಕೇ, ಜೀವ ಇರುವವರೆಗೆ.

ಮನೆಗೆ ಕಳಿಸುವ ದಿನ ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು ವಿವರಿಸಿದರು. ಈ ಹೊಸ ಬಾಯಿಗೆ ಬಿಗಿಹಿಡಿಯುವ ಸ್ನಾಯು ಇಲ್ಲ, ಸದ್ದು ಬರುತ್ತದೆ, ಯಾವಾಗ ಬರುತ್ತದೆಂದು ಹೇಳಲಾಗದು. ದೊರೆ ಎಲ್ಲವನ್ನೂ ಗಮನವಿಟ್ಟು ಕೇಳಿ, "ಊಟದ ಹೊತ್ತಿನಲ್ಲಾದ್ರೂ ತಡೆಯೋಕಾಗಲ್ವಾ?" ಎಂದ.

ಚೀಲ ಎದ್ದು ಕಾಣದ ಹಾಗೆ ಅವಳ ಉಡುಪುಗಳಿಗೆಲ್ಲ ನಾನೇ ಒಳಜೇಬು ಹೊಲಿದು ಕೊಟ್ಟೆ. ಅವುಗಳನ್ನು ಕೊಡಲು ಹೋದಾಗ ಅವಳು ಹಿಂದಿನ ಕೋಣೆಯಲ್ಲಿ, ಇಸ್ತ್ರಿ ಮೇಜಿನ ಮೇಲೆ ತಟ್ಟೆ ಇಟ್ಟುಕೊಂಡು ಒಬ್ಬಳೇ ಉಣ್ಣುತ್ತಿದ್ದಳು. ಮುಂದಿನ ಕೋಣೆಯಲ್ಲಿ ರೇಡಿಯೋ ಗಟ್ಟಿಯಾಗಿ ಹಾಡುತ್ತಿತ್ತು. ನನ್ನ ಪಿತ್ತ ನೆತ್ತಿಗೇರಿತು. ನೇರ ಅವನ ಮುಂದೆ ನಿಂತು, "ಅವತ್ತು ಒಂದು ಮಾತು ಆಡಿದ್ರೆ ಅವಳ ಕರುಳು ಉಳೀತಿತ್ತು" ಎಂದೆ.

ಅವನು ರೇಡಿಯೋದ ಸದ್ದು ತಗ್ಗಿಸಿದ. "ಅವಳೇ ಹೇಳಿದ್ಲಲ್ಲ, ನನ್ನದು ಅಂತ. ಅಷ್ಟು ಜನರ ಮುಂದೆ ಕಟ್ಟಿಕೊಂಡ ಹೆಂಡತೀನ ಸುಳ್ಳಿ ಮಾಡ್ಲಾ ನಾನು?"

ಮಾಡಿದವರ ಪಾಪ ಆಡಿದವರ ಬಾಯಲ್ಲಿ ಎನ್ನುತ್ತಾರೆ. ಆಡಿದ ನಾನು ಕೆಟ್ಟವಳಾದೆ, ಅವನು ಮತ್ತೆ ಪತ್ರಿಕೆ ಎತ್ತಿಕೊಂಡ. ತಂಗಿ ನನ್ನನ್ನು ಬಾಗಿಲವರೆಗೆ ಕಳಿಸಲು ಬಂದು, "ಬೈಬೇಡಕ್ಕಾ. ಅವತ್ತು ಅವರ ಗಂಟಲು ನೋಡ್ದೆ ನಾನು. ಪ್ರಯತ್ನಪಟ್ರು. ಆಗ್ಲಿಲ್ಲ" ಎಂದಳು. ಗಂಟಲು ನಾನೂ ನೋಡಿದ್ದೆ. ಅದರಿಂದ ಅವಳು ಇಷ್ಟು ದೊಡ್ಡ ಕ್ಷಮೆಯನ್ನು ಹೊಲಿದುಕೊಂಡಿದ್ದಾಳೆಂದು ನನಗೆ ಗೊತ್ತಿರಲಿಲ್ಲ.

ಕೆಲವು ತಿಂಗಳ ಮೇಲೆ ಹೋಟೆಲಿನ ಒಡೆಯ ಹೆಂಡತಿಯೊಡನೆ ರೋಗಿಯನ್ನು ನೋಡಲು ಬರುತ್ತೇನೆಂದು ಹೇಳಿ ಕಳಿಸಿದ. ರೋಗಿಯನ್ನು ನೋಡಲು ಬರುವವರಿಗೆ ರೋಗಿಯನ್ನು ಬಚ್ಚಿಡುವುದು ಹೇಗೆ? ದೊರೆಗೆ ಬಿಸಿ ತುಪ್ಪ, ನುಂಗಲೂ ಆಗದು ಉಗುಳಲೂ ಆಗದು. ಹಿಂದಿನ ದಿನದಿಂದಲೇ ಅವಳಿಗೆ ಉಪವಾಸ ಹಾಕಿದ, ಹೊಟ್ಟೆ ಖಾಲಿಯಿದ್ದರೆ ಸದ್ದು ಬರಲಿಕ್ಕಿಲ್ಲ ಎಂದು. ಖಾಲಿ ಹೊಟ್ಟೆಯೇ ಹೆಚ್ಚು ಮಾತಾಡುವುದು ಎಂದು ಅವನಿಗೆ ಯಾರು ಹೇಳಬೇಕು? ನನ್ನನ್ನು ಅಡುಗೆಗೆ ಕರೆದಿದ್ದರು. ಒಡೆಯನ ಹೆಂಡತಿ ಮೊದಲು ಅಡುಗೆಮನೆಗೇ ಬಂದು, ತಂಗಿಗೆ ಏನಾಗಿತ್ತೆಂದು ಮೆಲ್ಲಗೆ ಕೇಳಿದಳು. ಒಳ್ಳೆಯ ಹೆಂಗಸು. ಚೀಲದ ವಿಷಯ ಹೇಳಿದೆ. ಅವಳು ನನ್ನ ಕೈ ಅದುಮಿ, ಹೋಗಿ ತಂಗಿಯ ಎದುರಿಗೆ ಕೂತಳು.

ನಾಲ್ವರೂ ಸೂಪು ಕುಡಿಯುತ್ತಿದ್ದರು. ನಾನು ಬ್ರೆಡ್ಡಿನ ಬುಟ್ಟಿ ಹಿಡಿದು ಬಾಗಿಲಲ್ಲಿದ್ದೆ. ಚೀಲ ಸದ್ದು ಮಾಡಿತು. ಸಣ್ಣದಲ್ಲ, ಉದ್ದಕ್ಕೆ, ಗುಳುಗುಳು ಎಂದು ಶುರುವಾಗಿ ಎಲ್ಲರ ಚಮಚ ನಿಲ್ಲುವ ತನಕ. ತಂಗಿಯ ಬಾಯಿ ತೆರೆಯಿತು, ಮಾತು ಬರಲಿಲ್ಲ. ಇಷ್ಟು ವರ್ಷ ಇನ್ನೊಬ್ಬರದಕ್ಕೆ ಹೇಳಿ ಅಭ್ಯಾಸ, ತನ್ನದಕ್ಕೆ ಹೇಳಿ ಗೊತ್ತೇ ಇರಲಿಲ್ಲವಲ್ಲ. ಒಡೆಯ ಅವಳನ್ನು ನೋಡಿದ, ಆಮೇಲೆ ದೊರೆಯನ್ನು ನೋಡಿದ.

ದೊರೆ ಚಮಚವನ್ನು ತಟ್ಟೆಯ ಅಂಚಿಗೆ ಒರಗಿಸಿಟ್ಟ. ಕರವಸ್ತ್ರದಿಂದ ತುಟಿ ಒತ್ತಿಕೊಂಡ. ಬಲಗೈಯನ್ನು ಎದೆಯ ಮೇಲಿಟ್ಟು, ತಲೆಯನ್ನು ಎಷ್ಟು ಬೇಕೋ ಅಷ್ಟೇ ಬಾಗಿಸಿ, "ಕ್ಷಮಿಸಿ, ನನ್ನದು" ಎಂದ.

ಒಡೆಯನ ಹೆಂಡತಿಯ ಕಣ್ಣಲ್ಲಿ ನೀರು ತುಂಬಿತು. ಅವಳಿಗೆ ಸದ್ದು ಯಾರದೆಂದು ಗೊತ್ತಿತ್ತು, ನಾನೇ ಹೇಳಿದ್ದೆನಲ್ಲ. ತಂಗಿಯ ಕೈ ಹಿಡಿದು, "ಎಂಥ ಗಂಡ ಕಣಮ್ಮಾ ನಿನಗೆ. ಹುಡುಕಿದ್ರೂ ಸಿಗಲ್ಲ" ಎಂದಳು. ಒಡೆಯ ದೊರೆಯ ಭುಜ ತಟ್ಟಿದ. ದೊರೆ ನಾಚಿಕೊಂಡ. ನನ್ನ ತಂಗಿಗೆ ಆ ಮಾತಿಗೆ ಈವರೆಗೆ ಸಿಕ್ಕಿದ್ದು ಆಚೆ ಸರಿಯುವ ಕುರ್ಚಿಗಳು. ಇವನಿಗೆ ಒಂದೇ ಸಲಕ್ಕೆ ಭುಜ ತಟ್ಟಿದರು. ಬುಟ್ಟಿಯನ್ನು ಅವನ ತಲೆಯ ಮೇಲೆ ಕವುಚಬೇಕೆನಿಸಿತು. ತಂಗಿಯ ಮುಖ ನೋಡಿ ಸುಮ್ಮನಾದೆ.

ಅವಳು ಖಾಲಿ ಬಟ್ಟಲುಗಳನ್ನು ಎತ್ತಿಕೊಂಡು ನನ್ನ ಹಿಂದೆಯೇ ಅಡುಗೆಮನೆಗೆ ಬಂದಳು. ಬಟ್ಟಲುಗಳನ್ನು ಇಟ್ಟು ನಲ್ಲಿಯ ಮುಂದೆ ನಿಂತಳು, ನಲ್ಲಿ ತಿರುಗಿಸಲಿಲ್ಲ. ಹೊರಗೆ ಒಡೆಯ ಏನೋ ಹೇಳಿ ನಗುತ್ತಿದ್ದ, ದೊರೆಯೂ ನಗುತ್ತಿದ್ದ. ಅಳುತ್ತಾಳೆಂದುಕೊಂಡು ನಾನು ಅವಳ ಬೆನ್ನ ಮೇಲೆ ಕೈ ಇಟ್ಟೆ. ಅವಳ ಬೆನ್ನು ಗಟ್ಟಿಯಾಗಿತ್ತು.

"ಎಷ್ಟು ಸಲೀಸಾಗಿ ಹೇಳಿದ್ರು ನೋಡ್ದ್ಯಾ ಅಕ್ಕಾ" ಎಂದಳು. "ತೊದಲಲೂ ಇಲ್ಲ. ನಾನು ಅವರಿಗೆ ಬರೋದೇ ಇಲ್ಲ ಅಂದ್ಕೊಂಡು ಬದುಕಿಬಿಟ್ಟೆ."